ಬೆಳಕಿನ ಕತ್ತರಿ

ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಒಣಗಿದ ಎಲೆಯನ್ನೋ ಹಳೆಯ ಕಾಗದದ ಚೂರನ್ನೋ ಸುಡದ ಹುಡುಗರು ವಿರಳ. ಗಾಜನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ ಹೋದಂತೆ ಬೆಳಕಿನ ವೃತ್ತವು ಕಿರಿದಾಗುತ್ತ ಬಂದು, ಕಡೆಗೆ ಒಂದು ಚುಕ್ಕೆಯಾಗಿ ನಿಂತು, ಅಲ್ಲಿಂದ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಆಗ ಹುಡುಗನ ಮನಸ್ಸಿನಲ್ಲಿ ಹುಟ್ಟುವ ಆಸೆ ಒಂದೇ: ಈ ಚುಕ್ಕೆಯನ್ನು ಪೆನ್ಸಿಲಿನಂತೆ ನಡೆಸಿ ತನ್ನ ಹೆಸರನ್ನು ಬರೆಯಬೇಕು! ಆದರೆ ಕೈ ನಡುಗುತ್ತದೆ. ಸೂರ್ಯ ಮೋಡದ ಮರೆಗೆ ಹೋಗುತ್ತಾನೆ. ಆಸೆ ಅಲ್ಲಿಗೇ ನಿಲ್ಲುತ್ತದೆ. ಈ ಬಾಲ್ಯದ ಆಸೆಯನ್ನು ಪೂರ್ಣವಾಗಿ ನೆರವೇರಿಸಬಲ್ಲ ಯಂತ್ರವೊಂದು ಈಗ ಬೆಂಗಳೂರಿನ ಸಣ್ಣ ಹೊಲಿಗೆ ಅಂಗಡಿಗಳಿಗೂ ಬಂದಿದೆ. ಅದೇ ಡಯೋಡು ಲೇಸರು ಯಂತ್ರ. ಅದು ಬಟ್ಟೆಯನ್ನು ಕತ್ತರಿಸುತ್ತದೆ; ಬಟ್ಟೆಯ ಮೇಲೆ ಬೇಕಾದ ಚಿತ್ತಾರವನ್ನು ಕೊರೆಯುತ್ತದೆ. ಅದಕ್ಕೆ ಅಲಗಿಲ್ಲ, ಹಲ್ಲಿಲ್ಲ, ಬಟ್ಟೆಯನ್ನು ಅದು ಮುಟ್ಟುವುದೂ ಇಲ್ಲ.

ಹೆಬ್ಬಾಳದ ಸಮೀಪದ ಕೆಂಪಾಪುರದಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ರವಿಕೆ ಹೊಲಿಯುವ ಹೆಣ್ಣುಮಗಳೊಬ್ಬರು ಸಾಲ ಮಾಡಿ ಇಂಥ ಯಂತ್ರವೊಂದನ್ನು ತಂದರು. ಒಂದು ಸಂಜೆ ಅವರು ಬಹಳ ಚಿಂತೆಯಿಂದ ನಮ್ಮ ಮನೆಗೆ ಬಂದು, “ಸಾರ್, ಕಪ್ಪು ಬಟ್ಟೆ ಇಟ್ಟರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕತ್ತರಿಸುತ್ತೆ. ಬಿಳೀ ಬಟ್ಟೆ ಇಟ್ಟರೆ ಗುರುತು ಕೂಡ ಬೀಳಲ್ಲ. ನೋಡಿದವರು ಲೇಸರಿನ ತಲೆಯೇ ಹೋಗಿದೆ, ಬದಲಾಯಿಸಬೇಕು ಅಂತಾರೆ. ಯಂತ್ರಕ್ಕೆ ಕೊಟ್ಟದ್ದರಲ್ಲಿ ಅರ್ಧ ಹಣ ಮತ್ತೆ ಹಾಕಬೇಕಂತೆ. ನೀವೊಮ್ಮೆ ನೋಡಿ” ಎಂದು ಕೇಳಿದರು. ಯಂತ್ರ ರಿಪೇರಿ ನನ್ನ ವಿದ್ಯೆಯಲ್ಲ. ಆದರೆ ಆ ಮಾತಿನಲ್ಲಿಯೇ ಒಂದು ಉತ್ತರ ಅಡಗಿತ್ತು. ಕೆಟ್ಟುಹೋದ ಕತ್ತರಿಯು ಬಟ್ಟೆಯ ಬಣ್ಣವನ್ನು ನೋಡಿ ಕೆಡುವುದಿಲ್ಲವಷ್ಟೆ! ಈ ಕತ್ತರಿಗೆ ಬಣ್ಣದ ಮೇಲೆ ಪಕ್ಷಪಾತವಿದ್ದರೆ ಅದಕ್ಕೆ ಕಾರಣವನ್ನು ಯಂತ್ರದಲ್ಲಿ ಹುಡುಕುವ ಮೊದಲು ಬೆಳಕಿನ ಸ್ವಭಾವದಲ್ಲಿಯೇ ಹುಡುಕಬೇಕು. ಆ ಹುಡುಕಾಟವೇ ಈ ಲೇಖನದ ವಿಷಯ.

ಭೂತಗನ್ನಡಿಯ ಮಿತಿ

ಮೊದಲು ಭೂತಗನ್ನಡಿಯ ಲೆಕ್ಕವನ್ನೇ ನೋಡೋಣ. ನೆತ್ತಿಯ ಮೇಲಿನ ಬಿಸಿಲು ಒಂದು ಚದರ ಮೀಟರು ನೆಲಕ್ಕೆ ಸುಮಾರು ೧೦೦೦ ವಾಟ್ ಶಕ್ತಿಯನ್ನು ತಂದು ಸುರಿಯುತ್ತದೆ. ೫ ಸೆಂಟಿಮೀಟರು ಅಗಲದ ಮಸೂರವೊಂದು ಅದರಲ್ಲಿ ಸುಮಾರು ೨ ವಾಟ್‌ನಷ್ಟನ್ನು ಹಿಡಿದುಕೊಳ್ಳುತ್ತದೆ. ಮಸೂರದ ಸಂಗಮದೂರ ೧೦ ಸೆಂಟಿಮೀಟರು ಎಂದಿಟ್ಟುಕೊಂಡರೆ, ಈ ೨ ವಾಟ್ ಶಕ್ತಿ ಒಂದು ಬಿಂದುವಿನಲ್ಲಿ ಸೇರುವುದಿಲ್ಲ, ಸುಮಾರು ೦.೯ ಮಿಲಿಮೀಟರು ಅಗಲದ ಚುಕ್ಕೆಯೊಂದರಲ್ಲಿ ಹರಡಿಕೊಳ್ಳುತ್ತದೆ. ಏಕೆಂದರೆ ಆ ಚುಕ್ಕೆ ಸೂರ್ಯನ ಬಿಂಬ. ಆಕಾಶದಲ್ಲಿ ಸೂರ್ಯನು ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಆ ತಟ್ಟೆಯ ಒಂದೊಂದು ಭಾಗದಿಂದ ಬಂದ ಬೆಳಕು ಬಿಂಬದಲ್ಲಿಯೂ ಒಂದೊಂದು ಜಾಗವನ್ನು ಹಿಡಿಯುತ್ತದೆ. ಆದುದರಿಂದ ಮಸೂರ ಎಷ್ಟೇ ನುಣುಪಾಗಿದ್ದರೂ ಚುಕ್ಕೆ ಅದಕ್ಕಿಂತ ಕಿರಿದಾಗಲಾರದು. ಒಂದು ಚದರ ಮಿಲಿಮೀಟರಿಗೆ ಸುಮಾರು ೩ ವಾಟ್, ಇದು ನಮ್ಮ ಭೂತಗನ್ನಡಿಯ ಪರಾಕ್ರಮ.

ಈಗ ಲೇಸರು ಯಂತ್ರದ ಕಡೆಗೆ ತಿರುಗೋಣ. ಅಂಗಡಿಗಳಲ್ಲಿ ಕಾಣುವ ಸಣ್ಣ ಯಂತ್ರದ ಬೆಳಕಿನ ಶಕ್ತಿ ಸುಮಾರು ೧೦ ವಾಟ್. ಭೂತಗನ್ನಡಿಗಿಂತ ಕೇವಲ ಐದು ಪಟ್ಟು! ಆದರೆ ಈ ಬೆಳಕನ್ನು ಸುಮಾರು ೦.೦೮ ಮಿಲಿಮೀಟರು ಉದ್ದಗಲದ ಚುಕ್ಕೆಗೆ ಕೂಡಿಸಬಹುದು. ಚುಕ್ಕೆಯ ವಿಸ್ತೀರ್ಣ ೦.೦೦೬೪ ಚದರ ಮಿಲಿಮೀಟರು. ಭಾಗಿಸಿ ನೋಡಿದರೆ ಚದರ ಮಿಲಿಮೀಟರಿಗೆ ೧೫೦೦ ವಾಟ್‌ಗಿಂತಲೂ ಹೆಚ್ಚು, ಅಂದರೆ ಭೂತಗನ್ನಡಿಯ ಐನೂರು ಪಟ್ಟು. ಲೇಸರಿನ ಬಲವಿರುವುದು ಅದರ ಶಕ್ತಿಯ ಮೊತ್ತದಲ್ಲಿ ಅಲ್ಲ, ಆ ಶಕ್ತಿ ಒಂದೆಡೆ ಸಾಂದ್ರವಾಗುವುದರಲ್ಲಿ. ಗೋಣಿಯನ್ನು ಬೆರಳಿನಿಂದ ಒತ್ತಿದರೆ ತೂತಾಗದು. ಅಷ್ಟೇ ಬಲದಿಂದ ದಬ್ಬಳವನ್ನು ಒತ್ತಿದರೆ ತೂತಾಗುತ್ತದೆ.

(ಯಂತ್ರವನ್ನು ಕೊಳ್ಳುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಪೆಟ್ಟಿಗೆಯ ಮೇಲೆ “೪೦ ವಾಟ್” ಎಂದು ಅಚ್ಚಾಗಿದ್ದರೆ ಅದು ಅನೇಕ ವೇಳೆ ಯಂತ್ರ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕವೇ ಹೊರತು ಹೊರಬರುವ ಬೆಳಕಿನ ಲೆಕ್ಕವಲ್ಲ. ಬೆಳಕಿನ ಲೆಕ್ಕವನ್ನೇ ಕೇಳಿ ತಿಳಿಯಬೇಕು.)

ಹರಳಿನಿಂದ ಹೊಮ್ಮುವ ಬೆಳಕು

ಇಷ್ಟು ಶಿಸ್ತಿನ ಬೆಳಕು ಎಲ್ಲಿಂದ ಬರುತ್ತದೆ? ದೀಪದ ತಂತಿಯಲ್ಲಿ ಒಂದೊಂದು ಪರಮಾಣುವೂ ತನಗೆ ತೋಚಿದಾಗ, ತೋಚಿದ ದಿಕ್ಕಿಗೆ ಬೆಳಕನ್ನು ಚೆಲ್ಲುತ್ತದೆ. ಅದು ಸಂತೆಯ ಗದ್ದಲದಂತೆ. ೧೯೧೬-೧೭ರಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಇನ್ನೊಂದು ಸಾಧ್ಯತೆಯನ್ನು ತೋರಿಸಿದರು. ಶಕ್ತಿಯನ್ನು ತುಂಬಿಕೊಂಡು ನಿಂತಿರುವ ಪರಮಾಣುವಿನ ಬಳಿ ತಕ್ಕ ಬೆಳಕಿನ ಕಣವೊಂದು ಹಾದುಹೋದರೆ, ಅದರ ಪ್ರಚೋದನೆಯಿಂದ ಪರಮಾಣುವೂ ಅಂಥದೇ ಇನ್ನೊಂದು ಕಣವನ್ನು ಹೊರಚೆಲ್ಲುತ್ತದೆ. ಎರಡೂ ಕಣಗಳದು ಒಂದೇ ಬಣ್ಣ, ಒಂದೇ ದಿಕ್ಕು, ಒಂದೇ ಹೆಜ್ಜೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಬೆಳೆದರೆ ಸಂತೆಯ ಗದ್ದಲದ ಬದಲು ಮೇಳದ ಗಾಯನವಾಗುತ್ತದೆ. ಈ ತತ್ತ್ವವು ಕೈಗೂಡಲು ನಾಲ್ಕು ದಶಕಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು. ೧೯೬೦ರ ಮೇ ತಿಂಗಳಿನಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ನರು ಕೆಂಪು ಮಾಣಿಕ್ಯದ ಹರಳಿನಿಂದ ಮೊದಲನೆಯ ಲೇಸರು ಕಿರಣವನ್ನು ಹೊರಡಿಸಿದರು.

ಡಯೋಡು ಲೇಸರಿನ ಕಥೆ ೧೯೬೨ರಲ್ಲಿ ಆರಂಭವಾಗುತ್ತದೆ. ಆ ವರ್ಷ ರಾಬರ್ಟ್ ಹಾಲ್‌ರು ಗ್ಯಾಲಿಯಮ್ ಆರ್ಸೆನೈಡು ಎಂಬ ಅರೆವಾಹಕದ ಪುಟ್ಟ ಹರಳಿನಿಂದಲೇ ಲೇಸರು ಬೆಳಕನ್ನು ಪಡೆದರು. ಅರೆವಾಹಕದ ಎರಡು ಪದರಗಳನ್ನು ಕೂಡಿಸಿದರೆ ಡಯೋಡು ಆಗುತ್ತದೆ. ಒಂದರಲ್ಲಿ ಎಲೆಕ್ಟ್ರಾನುಗಳು ಹೆಚ್ಚು. ಇನ್ನೊಂದರಲ್ಲಿ ಎಲೆಕ್ಟ್ರಾನು ಇರಬೇಕಾದ ಕಡೆ ಖಾಲಿ ಸ್ಥಾನಗಳು. ವಿದ್ಯುತ್ತನ್ನು ಹರಿಸಿದಾಗ ಎಲೆಕ್ಟ್ರಾನುಗಳು ಗಡಿಯನ್ನು ದಾಟಿ ಬಂದು ಖಾಲಿ ಸ್ಥಾನಗಳಿಗೆ ಬೀಳುತ್ತವೆ. ಬಿದ್ದಾಗ ಬಿಡುಗಡೆಯಾದ ಶಕ್ತಿ ಬೆಳಕಾಗಿ ಹೊಮ್ಮುತ್ತದೆ. ಹರಳಿನ ಎರಡು ತುದಿಗಳೇ ಕನ್ನಡಿಗಳಾಗಿ ಈ ಬೆಳಕನ್ನು ಅತ್ತಿಂದಿತ್ತ ಓಡಿಸಿ ಬೆಳೆಸುತ್ತವೆ.

ಎಲೆಕ್ಟ್ರಾನು ಎಷ್ಟು ಆಳಕ್ಕೆ ಬೀಳುತ್ತದೆ ಎಂಬುದರ ಮೇಲೆ ಬೆಳಕಿನ ಬಣ್ಣ ನಿರ್ಧಾರವಾಗುತ್ತದೆ. ಗ್ಯಾಲಿಯಮ್ ಆರ್ಸೆನೈಡಿನಲ್ಲಿ ಬೀಳುವ ಆಳ ಕಡಮೆ. ಬರುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ನೀಲಿ ಬೆಳಕು ಬೇಕಾದರೆ ಆಳ ಸುಮಾರು ಎರಡರಷ್ಟಾಗಬೇಕು. ಅದಕ್ಕೆ ತಕ್ಕ ವಸ್ತು ಗ್ಯಾಲಿಯಮ್ ನೈಟ್ರೈಡು. ಆದರೆ ಅದರ ಒಳ್ಳೆಯ ಹರಳನ್ನು ಬೆಳೆಸುವುದು ಬಹು ಕಷ್ಟವಾಗಿತ್ತು. ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರ ಈ ಮೂವರ ದೀರ್ಘಸಾಹಸದಿಂದ ನೀಲಿ ದೀಪವೂ ಅದರ ಬೆನ್ನಿಗೇ ನೀಲಿ ಲೇಸರೂ ೧೯೯೦ರ ದಶಕದಲ್ಲಿ ಸಾಧ್ಯವಾದವು. ನೀಲಿ ದೀಪಕ್ಕಾಗಿ ಅವರಿಗೆ ೨೦೧೪ರ ನೊಬೆಲ್ ಪಾರಿತೋಷಕವು ದೊರೆಯಿತು. ಇಂದಿನ ಬಟ್ಟೆ ಕತ್ತರಿಸುವ ಸಣ್ಣ ಯಂತ್ರದಲ್ಲಿರುವುದು ಈ ವಂಶದ ನೀಲಿ ಡಯೋಡೇ. ಅದರ ಬೆಳಕಿನ ಅಲೆಯುದ್ದ ಸುಮಾರು ೪೫೦ ನಾನೊಮೀಟರು. ಒಂದು ಡಯೋಡಿನಿಂದ ಸುಮಾರು ೫ ವಾಟ್ ಬೆಳಕು ಬರುವುದರಿಂದ ಎರಡು ಡಯೋಡುಗಳ ಕಿರಣಗಳನ್ನು ಕೂಡಿಸಿ ೧೦ ವಾಟ್ ಮಾಡುತ್ತಾರೆ.

ಡಯೋಡಿನ ಬೆಳಕು ಹೊರಡುವುದು ಗುಂಡಾದ ತೂತಿನಿಂದಲ್ಲ, ಅತಿ ತೆಳ್ಳನೆಯ ಸೀಳಿನಿಂದ. ಈ ಕಾರಣ ಮಸೂರ ಕೂಡಿಸುವ ಚುಕ್ಕೆಯೂ ಸಾಮಾನ್ಯವಾಗಿ ಆಯಾಕಾರವಾಗಿರುತ್ತದೆ. ಉದ್ದುದ್ದಕ್ಕೆ ಕತ್ತರಿಸಿದ ಗೆರೆ ಅಡ್ಡಡ್ಡಕ್ಕೆ ಕತ್ತರಿಸಿದ ಗೆರೆಗಿಂತ ತೆಳ್ಳಗೆ ಬಂದರೆ ಯಂತ್ರವನ್ನು ಶಪಿಸಬೇಕಾದುದಿಲ್ಲ. ಅದು ಹರಳಿನ ಹುಟ್ಟುಗುಣ.

ಬಣ್ಣದ ಒಗಟು

ಈಗ ನಮ್ಮ ನೆರೆಯವರ ಪ್ರಶ್ನೆಗೆ ಬರೋಣ. ಬೆಳಕು ಬಟ್ಟೆಯನ್ನು ಕತ್ತರಿಸಬೇಕಾದರೆ ಮೊದಲು ಬಟ್ಟೆ ಅದನ್ನು ಹೀರಿಕೊಳ್ಳಬೇಕು. ಹೀರಿಕೊಂಡ ಬೆಳಕು ಮಾತ್ರ ಶಾಖವಾಗುತ್ತದೆ. ಹಿಂದಕ್ಕೆ ಚದರಿದ ಬೆಳಕು ಕಣ್ಣಿಗೆ ಬಣ್ಣವನ್ನು ತೋರಿಸಬಹುದು, ಬಟ್ಟೆಗೆ ಮಾತ್ರ ಯಾವ ಹಾನಿಯನ್ನೂ ಮಾಡದು.

ಬಿಳಿಯ ಬಟ್ಟೆ ಬೆಳ್ಳಗೆ ಕಾಣುವುದೇಕೆ? ಎಲ್ಲ ಬಣ್ಣದ ಬೆಳಕನ್ನೂ ಅದು ಹೊರದೂಡುವುದರಿಂದ. ಶುದ್ಧವಾದ ಹತ್ತಿಯ ಎಳೆಯು ನೀಲಿ ಬೆಳಕನ್ನು ಬಹಳ ಕಡಮೆ ಹೀರುತ್ತದೆ. ಬಂದ ಬೆಳಕನ್ನು ಎಳೆಯಿಂದ ಎಳೆಗೆ ಚದರಿಸಿ ಹೊರಕ್ಕೆ ಅಟ್ಟಿಬಿಡುತ್ತದೆ. ಕಪ್ಪು ಬಟ್ಟೆ ಎಲ್ಲವನ್ನೂ ನುಂಗುತ್ತದೆ. ಕೆಂಪು ಬಟ್ಟೆ ಕೆಂಪು ಬೆಳಕನ್ನು ಮಾತ್ರ ಹೊರಗೆ ಬಿಟ್ಟು ನೀಲಿಯನ್ನು ಉಳಿಸಿಕೊಳ್ಳುತ್ತದೆ. ಹಳದಿ ಬಟ್ಟೆ ಕಣ್ಣಿಗೆ ತಿಳಿಯಾಗಿ ಕಂಡರೂ ನೀಲಿಯನ್ನು ನುಂಗುವುದರಲ್ಲಿ ಗಟ್ಟಿಗ. ನೀಲಿ ಕಳೆದುಹೋದುದರಿಂದಲೇ ಅದು ಹಳದಿ. ನೀಲಿ ಬಟ್ಟೆಯಾದರೋ ತನ್ನ ಬಣ್ಣದ ಬೆಳಕನ್ನೇ ಹಿಂದಕ್ಕೆ ಕಳಿಸುತ್ತದೆ. ಹೀಗಾಗಿ ನೀಲಿ ಕಿರಣಕ್ಕೆ ನೀಲಿ ಬಟ್ಟೆ ಸುಲಭವಾಗಿ ಜಗ್ಗದು.

ಮಾತಿಗಿಂತ ಪ್ರಯೋಗ ಮೇಲು. ಆ ಸಂಜೆ ಅವರ ಅಂಗಡಿಯಲ್ಲಿ ಬಿಳಿಯ ಹತ್ತಿಬಟ್ಟೆಯ ತುಂಡೊಂದನ್ನು ತೆಗೆದುಕೊಂಡು, ಅದರ ಮೇಲೆ ಕಪ್ಪು, ಕೆಂಪು, ನೀಲಿ ಮಸಿಗಳಿಂದ ಮೂರು ಪಟ್ಟೆಗಳನ್ನು ಬಳಿದು, ಮಸಿಯನ್ನು ಚೆನ್ನಾಗಿ ಒಣಗಿಸಿದೆವು. ಬಳಿಕ ಮೂರು ಪಟ್ಟೆಗಳನ್ನೂ ಅಡ್ಡಲಾಗಿ ಹಾಯುವಂತೆ ಒಂದೇ ನೇರ ಗೆರೆಯನ್ನು ಒಂದೇ ವೇಗದಲ್ಲಿ ಯಂತ್ರದಿಂದ ಎಳೆಸಿದೆವು. ಕಪ್ಪು ಪಟ್ಟೆ ಪೂರ್ತಿಯಾಗಿ ಕತ್ತರಿಸಿತು. ಕೆಂಪು ಪಟ್ಟೆಯಲ್ಲಿ ಕೆಲವು ಎಳೆಗಳು ಮಾತ್ರ ಉಳಿದುವು. ನೀಲಿ ಪಟ್ಟೆಯ ಮೇಲೆ ಕಂದುಬಣ್ಣದ ಗೀರು ಬಿದ್ದಿತು. ಪಟ್ಟೆಗಳ ನಡುವಣ ಬಿಳಿಯ ಭಾಗದಲ್ಲಿ ಏನೂ ಆಗಿರಲಿಲ್ಲ. ಬಟ್ಟೆ ಒಂದೇ, ಯಂತ್ರ ಒಂದೇ, ವೇಗ ಒಂದೇ. ಬದಲಾದುದು ಬಣ್ಣ ಮಾತ್ರ. ಆ ತಾಯಿ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, “ಹಾಗಾದರೆ ತಲೆ ಹೋಗಿಲ್ಲ” ಎಂದರು. ಹೋಗಿರಲಿಲ್ಲ. ಸಾಲದ ಮೇಲೊಂದು ಸಾಲ ಆ ಸಂಜೆ ತಪ್ಪಿತು.

ಕೆಂಪಾಪುರದಿಂದ ಬಳ್ಳಾರಿ ರಸ್ತೆಯಲ್ಲಿ ನಗರದ ಕಡೆಗೆ ಕೆಲವೇ ಕಿಲೋಮೀಟರು ಬಂದರೆ, ಚಂದ್ರಶೇಖರ ವೆಂಕಟ ರಾಮನ್ನರು ೧೯೪೮ರಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆ ಇದೆ. ಬೆಳಕಿನ ಚದರುವಿಕೆಯನ್ನು ಕುರಿತ ಕೆಲಸಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ಆ ಮಹನೀಯರು ತಮ್ಮ ಕಡೆಯ ವರ್ಷಗಳಲ್ಲಿ ಹೂವುಗಳ ಬಣ್ಣವನ್ನೂ ಕಣ್ಣು ಬಣ್ಣವನ್ನು ಕಾಣುವ ಬಗೆಯನ್ನೂ ತಾಳ್ಮೆಯಿಂದ ಅಭ್ಯಾಸ ಮಾಡಿದರು. ಗುಲಾಬಿಯ ದಳ ಯಾವ ಬೆಳಕನ್ನು ನುಂಗಿ ಯಾವುದನ್ನು ಬಿಡುತ್ತದೆ ಎಂಬ ಪ್ರಶ್ನೆಗೂ, ರವಿಕೆಯ ಬಟ್ಟೆ ಏಕೆ ಕತ್ತರಿಸಲಿಲ್ಲ ಎಂಬ ಪ್ರಶ್ನೆಗೂ ಮೂಲ ಒಂದೇ.

ಹಾಗಾದರೆ ಬಿಳಿಯ ಬಟ್ಟೆಯನ್ನು ಲೇಸರಿನಿಂದ ಕತ್ತರಿಸಲು ಸಾಧ್ಯವೇ ಇಲ್ಲವೆ? ಇದೆ, ಬೆಳಕನ್ನು ಬದಲಾಯಿಸಬೇಕು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಕುಮಾರ್ ಪಟೇಲರು ೧೯೬೪ರಲ್ಲಿ ಇಂಗಾಲದ ಡೈ ಆಕ್ಸೈಡು ಅನಿಲದಿಂದ ಲೇಸರನ್ನು ನಿರ್ಮಿಸಿದರು. ಅದರ ಬೆಳಕಿನ ಅಲೆಯುದ್ದ ೧೦,೬೦೦ ನಾನೊಮೀಟರು, ನೀಲಿ ಬೆಳಕಿನ ಇಪ್ಪತ್ತಮೂರು ಪಟ್ಟಿಗಿಂತಲೂ ಹೆಚ್ಚು. ಈ ಉದ್ದನೆಯ ಅಲೆಗೆ ನಮ್ಮ ಕಣ್ಣಿನ ಬಣ್ಣಗಳ ಲೆಕ್ಕವಿಲ್ಲ. ಹತ್ತಿಯ ಸೆಲ್ಯುಲೋಸಿನಲ್ಲಿ ಇಂಗಾಲ ಮತ್ತು ಆಮ್ಲಜನಕದ ಪರಮಾಣುಗಳನ್ನು ಕಟ್ಟಿರುವ ಬಂಧಗಳು ಸರಿಸುಮಾರು ಇದೇ ಲಯದಲ್ಲಿ ಕಂಪಿಸುವುದರಿಂದ, ಬಟ್ಟೆ ಬಿಳಿಯಿರಲಿ ಕರಿಯಿರಲಿ, ಈ ಬೆಳಕನ್ನು ಅದು ಆತುರದಿಂದ ಹೀರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಬಟ್ಟೆಗೆ ಬಳಸುವುದು ಹೆಚ್ಚಾಗಿ ಈ ಅನಿಲದ ಲೇಸರನ್ನೇ. ಆದರೆ ಅದರ ಗಾಜಿನ ಕೊಳವೆ, ಅದನ್ನು ತಂಪಾಗಿಡುವ ನೀರು, ಕನ್ನಡಿಗಳ ಸಾಲು, ಇವೆಲ್ಲ ಸೇರಿ ಯಂತ್ರ ಭಾರಿಯಾಗುತ್ತದೆ, ಬೆಲೆಯೂ ಏರುತ್ತದೆ. ಸಣ್ಣ ಅಂಗಡಿಯ ಮೇಜಿಗೆ ಡಯೋಡೇ ಅನುಕೂಲ. ಬಿಳಿಯ ಬಟ್ಟೆಯ ಕೆಳಗೆ ಕಪ್ಪು ಕಾಗದವನ್ನಿಟ್ಟು ಆ ಕಾಗದದ ಶಾಖದಿಂದ ಕತ್ತರಿಸುವ ಉಪಾಯವೂ ಉಂಟು. ಅದರಲ್ಲಿ ಬಟ್ಟೆಯ ಅಂಚು ಕಂದಾಗುತ್ತದೆ.

ಸುಡುವುದೆ, ಕರಗುವುದೆ?

ಲೇಸರು ಬಟ್ಟೆಯ ಅಣುಗಳನ್ನು ನೇರವಾಗಿ ತುಂಡರಿಸುತ್ತದೆ ಎಂದು ಕೆಲವರು ಭಾವಿಸುವುದುಂಟು. ಇದು ತಪ್ಪು. ನೀಲಿ ಬೆಳಕಿನ ಒಂದು ಕಣದ ಶಕ್ತಿ ಸುಮಾರು ೨.೮ ಎಲೆಕ್ಟ್ರಾನ್ ವೋಲ್ಟು. ಇಂಗಾಲ ಇಂಗಾಲಗಳ ನಡುವಣ ಬಂಧವನ್ನು ಮುರಿಯಲು ಸುಮಾರು ೩.೬ ಬೇಕು. ಒಂದು ಕಣದಿಂದ ಅದು ಸಾಧ್ಯವಿಲ್ಲ. ೧೦ ವಾಟ್ ಕಿರಣದಲ್ಲಿ ಸೆಕೆಂಡಿಗೆ ಎರಡು ಕೋಟಿ ಕೋಟಿ ಲಕ್ಷಕ್ಕೂ ಮಿಕ್ಕ ಕಣಗಳು ಬಂದರೂ ಅವು ಮಾಡುವ ಕೆಲಸ ಒಂದೇ: ಬಟ್ಟೆಯನ್ನು ಕಾಯಿಸುವುದು. ಕತ್ತರಿಸುವುದು ಶಾಖ.

ಶಾಖಕ್ಕೆ ಒಂದೊಂದು ಎಳೆಯೂ ಒಂದೊಂದು ಬಗೆಯಲ್ಲಿ ಉತ್ತರ ಕೊಡುತ್ತದೆ. ಹತ್ತಿ ಕರಗುವುದಿಲ್ಲ. ಸುಮಾರು ೩೦೦ರಿಂದ ೩೫೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಸೆಲ್ಯುಲೋಸು ಒಡೆದು ಹೊಗೆಯಾಗಿ ಹಾರಿಹೋಗುತ್ತದೆ. ಅಂಚಿನಲ್ಲಿ ಕಂದು ಇದ್ದಿಲು ಉಳಿಯುತ್ತದೆ. ಪಾಲಿಯೆಸ್ಟರಾದರೋ ಸುಮಾರು ೨೬೦ ಡಿಗ್ರಿಯಲ್ಲಿ ಮೇಣದಂತೆ ಕರಗುತ್ತದೆ. ಕರಗಿದ ಅಂಚು ಮತ್ತೆ ಗಟ್ಟಿಯಾದಾಗ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕತ್ತರಿಯಿಂದ ಕತ್ತರಿಸಿದ ಬಟ್ಟೆಯಂತೆ ಅದು ನೂಲು ಬಿಡುವುದಿಲ್ಲ, ಅಂಚನ್ನು ಮಡಿಸಿ ಹೊಲಿಯಬೇಕಾದುದೂ ಇಲ್ಲ. ರೇಷ್ಮೆ ಮತ್ತು ಉಣ್ಣೆ ಪ್ರಾಣಿಜನ್ಯ ಪ್ರೋಟೀನುಗಳು. ಅವು ಕೂದಲು ಸುಟ್ಟ ವಾಸನೆಯೊಂದಿಗೆ ಕರಿಕಾಗಿ, ಬೆರಳಿನಲ್ಲಿ ತಿಕ್ಕಿದರೆ ಪುಡಿಯಾಗುವ ಅಂಚನ್ನು ಬಿಡುತ್ತವೆ. ಬೆಲೆಬಾಳುವ ರೇಷ್ಮೆಯನ್ನು ಯಂತ್ರದ ಕೆಳಗಿಡುವ ಮುಂಚೆ ಚೂರೊಂದರಲ್ಲಿ ಪರೀಕ್ಷಿಸುವುದು ಅವಶ್ಯ.

ವೇಗದ ಲೆಕ್ಕ

ಎಷ್ಟು ವೇಗದಲ್ಲಿ ಕತ್ತರಿಸಬಹುದು? ಹೈಸ್ಕೂಲಿನ ಶಾಖದ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಒಂದು ಚದರ ಮೀಟರಿಗೆ ೧೫೦ ಗ್ರಾಂ ತೂಗುವ ಹತ್ತಿಬಟ್ಟೆಯನ್ನು ತೆಗೆದುಕೊಳ್ಳಿ. ಕತ್ತರಿಸಿದ ಗೆರೆಯ ಅಗಲ ೦.೨ ಮಿಲಿಮೀಟರು. ಒಂದು ಮೀಟರು ಉದ್ದದ ಗೆರೆಯಲ್ಲಿ ಮಾಯವಾಗುವ ಬಟ್ಟೆಯ ತೂಕ ೦.೦೩ ಗ್ರಾಂ ಮಾತ್ರ. ಅದನ್ನು ೩೦ ಡಿಗ್ರಿಯಿಂದ ೩೫೦ ಡಿಗ್ರಿಗೆ ಕಾಯಿಸಲು, ಅದರೊಳಗಿನ ತೇವವನ್ನು ಆರಿಸಲು, ಬಳಿಕ ಒಡೆದು ಹಾರಿಸಲು ಗ್ರಾಮಿಗೆ ಸ್ಥೂಲವಾಗಿ ೧೦೦೦ ಜೂಲ್ ಎಂದಿಟ್ಟುಕೊಂಡರೆ, ಒಂದು ಮೀಟರಿಗೆ ಬೇಕಾದುದು ೩೦ ಜೂಲ್. ೧೦ ವಾಟ್ ಎಂದರೆ ಸೆಕೆಂಡಿಗೆ ೧೦ ಜೂಲ್. ಮೂರೇ ಸೆಕೆಂಡಿನಲ್ಲಿ ಒಂದು ಮೀಟರು ಮುಗಿಯಬೇಕು!

ವಾಸ್ತವದಲ್ಲಿ ಹಾಗಾಗುವುದಿಲ್ಲ. ಕಪ್ಪು ಬಟ್ಟೆಗೆ ನಿಮಿಷಕ್ಕೆ ೩೦೦೦ ಮಿಲಿಮೀಟರು ವೇಗವನ್ನು ಕೊಟ್ಟೆವೆನ್ನೋಣ. ಅಂದರೆ ಒಂದು ಮೀಟರಿಗೆ ೨೦ ಸೆಕೆಂಡು, ಖರ್ಚಾಗುವ ಬೆಳಕು ೨೦೦ ಜೂಲ್. ಮಿಕ್ಕ ೧೭೦ ಜೂಲ್ ಎಲ್ಲಿ ಹೋಯಿತು? ಒಂದಿಷ್ಟು ಹಿಂದಕ್ಕೆ ಚದರಿತು. ಒಂದಿಷ್ಟು ನೂಲುಗಳ ನಡುವಣ ಸಂದಿಯಲ್ಲಿ ಕೆಳಗಿಳಿಯಿತು. ಒಂದಿಷ್ಟನ್ನು ಮೇಲೇಳುವ ಹೊಗೆ ತಡೆಯಿತು. ಒಂದಿಷ್ಟು ಅಕ್ಕಪಕ್ಕದ ಬಟ್ಟೆಗೆ ಹರಿಯಿತು. ಕಡೆಯದು ಬಹಳ ಮುಖ್ಯ. ಅಂಚು ಕಂದಾಗುವುದು ಅದರಿಂದಲೇ.

ಮೇಲಿನ ವೇಗದಲ್ಲಿ ಕಿರಣದ ಚುಕ್ಕೆಯು ಬಟ್ಟೆಯ ಒಂದೊಂದು ಜಾಗದ ಮೇಲೆ ನಿಲ್ಲುವ ಕಾಲ ಸೆಕೆಂಡಿನ ಸಾವಿರದ ಒಂದೂವರೆ ಭಾಗದಷ್ಟು. ಅಷ್ಟರಲ್ಲಿ ಶಾಖ ಪಕ್ಕಕ್ಕೆ ಹರಿಯಬಲ್ಲ ದೂರ ಬಹಳ ಕಡಮೆ. ಶಾಖ ಹರಡುವ ದೂರ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ ಆ ದೂರ ಮೂರು ಪಟ್ಟಿಗೂ ಮಿಗಿಲಾಗುತ್ತದೆ, ಕಂದು ಅಂಚೂ ಅಗಲವಾಗುತ್ತದೆ. ನಿಧಾನವಾಗಿ ಒಂದು ಸಲ ಸುಡುವುದಕ್ಕಿಂತ ವೇಗವಾಗಿ ಎರಡು ಮೂರು ಸಲ ಗೆರೆಯನ್ನೆಳೆಯುವುದು ಮೇಲೆಂದು ಅನುಭವಿಗಳು ಹೇಳುವುದರ ಗುಟ್ಟು ಇದೇ. ನಡುವೆ ಬಟ್ಟೆ ತಣಿಯಲು ಅವಕಾಶ ಸಿಕ್ಕುತ್ತದೆ. ಚುಕ್ಕೆಯ ಮೇಲೆ ಸಣ್ಣ ಕೊಳವೆಯಿಂದ ಗಾಳಿಯನ್ನು ಊದುವುದೂ ಇದಕ್ಕಾಗಿಯೇ. ಅದು ಹೊಗೆಯನ್ನು ಸರಿಸುತ್ತದೆ, ಕಿಡಿಯನ್ನು ಆರಿಸುತ್ತದೆ, ಮಸೂರದ ಮೇಲೆ ಮಸಿ ಕೂರದಂತೆ ಕಾಯುತ್ತದೆ. ಬಟ್ಟೆ ಮಾತ್ರ ಸುಕ್ಕಿಲ್ಲದೆ ಬಿಗಿಯಾಗಿ ಹರಡಿರಬೇಕು. ಸುಕ್ಕಿನಲ್ಲಿ ಉಬ್ಬಿದ ಭಾಗಕ್ಕೆ ಚುಕ್ಕೆ ಹಿಗ್ಗಿ ಬೀಳುತ್ತದೆ; ಹಿಗ್ಗಿದ ಚುಕ್ಕೆ ಸುಡುತ್ತದೆಯೇ ಹೊರತು ಕತ್ತರಿಸದು.

ಕೊರೆಯುವ ಕಲೆ

ಕಿರಣದ ಬಲವನ್ನು ತಗ್ಗಿಸಿ ವೇಗವನ್ನು ಏರಿಸಿದರೆ ಅದು ಬಟ್ಟೆಯನ್ನು ತೂತುಮಾಡದೆ ಮೇಲ್ಮೈಯನ್ನು ಮಾತ್ರ ಮುಟ್ಟುತ್ತದೆ. ಆಗ ಕತ್ತರಿ ಲೇಖನಿಯಾಗುತ್ತದೆ. ಗೆರೆಯ ಪಕ್ಕಕ್ಕೆ ಗೆರೆಯನ್ನೆಳೆಯುತ್ತ, ಬೇಕಾದ ಕಡೆ ಬೆಳಕನ್ನು ಹೆಚ್ಚಿಸಿ ಬೇಡವಾದ ಕಡೆ ಆರಿಸುತ್ತ ಯಂತ್ರವು ಚಿತ್ರವನ್ನು ಮೂಡಿಸುತ್ತದೆ. ಮಖಮಲ್ಲಿನಲ್ಲಿ ಕೂದಲಿನ ತುದಿಗಳು ಸುಟ್ಟು ತಗ್ಗಾದ ಕಡೆ ಚಿತ್ರ ಕಾಣುತ್ತದೆ.

ಈ ವಿದ್ಯೆ ಬಹಳವಾಗಿ ಹಬ್ಬಿರುವುದು ಜೀನ್ಸು ಬಟ್ಟೆಯಲ್ಲಿ. ನಮ್ಮ ಬಳ್ಳಾರಿ ರಸ್ತೆ ಯಾವ ಊರಿನ ಹೆಸರನ್ನು ಹೊತ್ತಿದೆಯೋ ಆ ಬಳ್ಳಾರಿಯೇ ಕರ್ನಾಟಕದಲ್ಲಿ ಜೀನ್ಸಿಗೆ ಪ್ರಸಿದ್ಧವಾದ ಊರು. ಜೀನ್ಸಿನ ಹಾಸುನೂಲು ನೀಲಿ, ಹೊಕ್ಕುನೂಲು ಬಿಳಿ. ಹಾಸುನೂಲಿನಲ್ಲಿಯೂ ನೀಲಿಬಣ್ಣ ಹೊರಪದರಕ್ಕೆ ಮಾತ್ರ ಹಿಡಿದಿರುತ್ತದೆ; ಒಳತಿರುಳು ಬೆಳ್ಳಗೇ ಇರುತ್ತದೆ. ಹೊರಪದರವನ್ನು ಸ್ವಲ್ಪ ಕಳೆದರೆ ವರ್ಷಗಟ್ಟಲೆ ಉಟ್ಟು ಮಾಸಿದಂತೆ ಕಾಣುವ ಮೋಹಕವಾದ ನರೆ ಬರುತ್ತದೆ. ಈ ನರೆಯನ್ನು ತರಲು ಹಿಂದೆ ಮರಳನ್ನು ರಭಸದಿಂದ ಊದುವ ಪದ್ಧತಿ ಅನೇಕ ದೇಶಗಳಲ್ಲಿತ್ತು. ಆ ಮರಳಿನ ಧೂಳು ಶ್ವಾಸಕೋಶವನ್ನು ಹೊಕ್ಕು ಟರ್ಕಿ ದೇಶದ ಅನೇಕ ತರುಣ ಕಾರ್ಮಿಕರು ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆಗೆ ಬಲಿಯಾದರು. ೨೦೦೯ರಲ್ಲಿ ಆ ದೇಶ ಈ ಪದ್ಧತಿಯನ್ನು ನಿಷೇಧಿಸಿತು. ಬಣ್ಣ ಕಳೆಯಲು ರಾಸಾಯನಿಕಗಳನ್ನು ಬಳಸಿ ತೊಳೆದರೆ ಬಣ್ಣದ ನೀರು ಕಾಲುವೆಗೆ ಸೇರುತ್ತದೆ. ಲೇಸರು ಈ ಕೆಲಸವನ್ನು ಮರಳಿಲ್ಲದೆ, ತೊಳೆಯುವ ನೀರನ್ನು ಬಹಳ ಕಡಮೆ ಮಾಡಿ, ಕೆಲವು ನಿಮಿಷಗಳಲ್ಲಿ ಮುಗಿಸುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆ ಅನಿಲದ ಲೇಸರನ್ನು ಬಳಸುತ್ತಾರೆ. ಜೀನ್ಸಿನ ನೀಲಿ ನಮ್ಮ ನೀಲಿ ಡಯೋಡಿನ ಬೆಳಕನ್ನು ತಕ್ಕಮಟ್ಟಿಗೆ ಹಿಂದೂಡುವುದನ್ನು ಓದುಗರು ಈಗ ತಾವೇ ಊಹಿಸಬಲ್ಲರು.

ಕಣ್ಣು, ಹೊಗೆ, ಬೆಂಕಿ

ಆ ಸಂಜೆ ನಾನು ಅಂಗಡಿಗೆ ಹೋದಾಗ ಯಂತ್ರಕ್ಕಿಂತ ಹೆಚ್ಚಾಗಿ ನನ್ನನ್ನು ಕಳವಳಗೊಳಿಸಿದ ಸಂಗತಿಗಳು ಎರಡು. ಯಂತ್ರದೊಂದಿಗೆ ಬಂದಿದ್ದ ಕಿತ್ತಳೆ ಬಣ್ಣದ ಕನ್ನಡಕ ಪೆಟ್ಟಿಗೆಯಲ್ಲಿಯೇ ಇತ್ತು. ಮೂಲೆಯಲ್ಲಿ ಚೀಲ ಹೊಲಿಯಲು ತಂದ ರೆಕ್ಸಿನ್ನಿನ ಸುರುಳಿಯೊಂದು ಕಾದಿತ್ತು. ಕೋಣೆಗಿದ್ದ ಒಂದೇ ಕಿಟಕಿಯನ್ನು ಮುಚ್ಚಲಾಗಿತ್ತು.

ಕನ್ನಡಕ ಹಾಕಿದರೆ ಎಲ್ಲವೂ ಕಿತ್ತಳೆಯಾಗಿ ಕಂಡು ದಾರದ ಬಣ್ಣ ತಿಳಿಯುವುದಿಲ್ಲವೆಂದು ಅವರ ದೂರು. ಕಿತ್ತಳೆ ಕಾಣುವುದೇ ಅದರ ಗುಣ. ಅದು ನೀಲಿಯನ್ನು ನುಂಗುತ್ತಿದೆ ಎಂದು ಅರ್ಥ. ಉಪನ್ಯಾಸಕರು ಗೋಡೆಯ ಮೇಲೆ ತೋರಿಸುವ ಲೇಸರು ಕಡ್ಡಿಯ ಬೆಳಕು ೫ ಮಿಲಿವಾಟ್‌ಗೆ ಮಿಗಬಾರದು. ೧೦ ವಾಟ್ ಎಂದರೆ ಅದರ ಎರಡು ಸಾವಿರ ಪಟ್ಟು. ಕಣ್ಣಿನ ಮಸೂರ ತನ್ನೊಳಕ್ಕೆ ಬಂದ ಕಿರಣವನ್ನು ಅಕ್ಷಿಪಟಲದ ಮೇಲೆ ಲಕ್ಷ ಪಟ್ಟಿನಷ್ಟು ಸಾಂದ್ರಗೊಳಿಸಬಲ್ಲದು. ರೆಪ್ಪೆ ಮುಚ್ಚಲು ಹಿಡಿಯುವ ಕಾಲು ಸೆಕೆಂಡು ಕಾಲದಲ್ಲಿ ಆಗಬೇಕಾದ ಹಾನಿ ಆಗಿಹೋಗಿರುತ್ತದೆ, ಸುಟ್ಟ ಅಕ್ಷಿಪಟಲ ಮತ್ತೆ ಚಿಗುರುವುದಿಲ್ಲ. ನೇರವಾದ ಕಿರಣವೇ ಬೇಕೆಂದಿಲ್ಲ. ಮೇಜಿನ ಮೇಲೆ ಮರೆತ ಕತ್ತರಿಯ ಹೊಳೆಯುವ ಅಲಗಿನಿಂದ ಪುಟಿದ ಕಿರಣವೂ ಸಾಕು. ೪೫೦ ನಾನೊಮೀಟರಿಗೆಂದು ತಯಾರಿಸಿದ ಒಳ್ಳೆಯ ಕನ್ನಡಕ ಆ ಬೆಳಕಿನ ಲಕ್ಷದಲ್ಲಿ ಒಂದು ಭಾಗವನ್ನಷ್ಟೇ ಒಳಗೆ ಬಿಡುತ್ತದೆ. ಸಾಧಾರಣವಾದ ತಂಪು ಕನ್ನಡಕದಿಂದ ಈ ರಕ್ಷಣೆ ದೊರೆಯದು.

ಇನ್ನು ರೆಕ್ಸಿನ್. ಇದು ಸಾಮಾನ್ಯವಾಗಿ ಬಟ್ಟೆಯ ಮೇಲೆ ಪಿ.ವಿ.ಸಿ.ಯನ್ನು ಲೇಪಿಸಿದ ವಸ್ತು. ಪಿ.ವಿ.ಸಿ.ಯಲ್ಲಿ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಅದನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡು ಅನಿಲ ಹೊರಡುತ್ತದೆ. ಅದು ಗಂಟಲಿನ ತೇವದಲ್ಲಿ ಕರಗಿ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಮನುಷ್ಯನ ಎದೆಗೂಡನ್ನು ಮಾತ್ರವಲ್ಲ, ಯಂತ್ರದ ಉಕ್ಕಿನ ಸರಳುಗಳನ್ನೂ ತಿಂದುಹಾಕುತ್ತದ. ರೆಕ್ಸಿನ್ನನ್ನು ಲೇಸರಿನಿಂದ ಕತ್ತರಿಸಲೇಬಾರದು. ಗುರುತು ಸಿಗದ ವಸ್ತುವಿನಲ್ಲಿ ಕ್ಲೋರಿನ್ ಇದೆಯೆ ಎಂದು ತಿಳಿಯಲು ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಸುಲಭ ಪರೀಕ್ಷೆಯಿದೆ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ವಸ್ತುವಿಗೆ ಮುಟ್ಟಿಸಿ, ಮತ್ತೆ ಜ್ವಾಲೆಯಲ್ಲಿ ಹಿಡಿದಾಗ ಜ್ವಾಲೆ ಹಸುರಾದರೆ ಕ್ಲೋರಿನ್ ಇರುವುದೆಂದು ತಿಳಿಯಬೇಕು. ಇದನ್ನು ಅಧ್ಯಾಪಕರ ಎದುರಿನಲ್ಲಿ, ಗಾಳಿಯಾಡುವ ಕಡೆ ಮಾತ್ರ ಮಾಡತಕ್ಕದ್ದು. ಉಳಿದ ಬಟ್ಟೆಗಳ ಹೊಗೆಯೂ ನಿರಪಾಯವಲ್ಲ. ಸಾರಜನಕವುಳ್ಳ ಉಣ್ಣೆ, ರೇಷ್ಮೆ, ನೈಲಾನುಗಳ ಹೊಗೆಯಲ್ಲಿ ಹೈಡ್ರೋಜನ್ ಸಯನೈಡು ಇರಬಹುದು. ಹೊಗೆಯನ್ನು ಬೀಸಣಿಗೆ ಮತ್ತು ಕೊಳವೆಯ ಮೂಲಕ ಹೊರಗೆ ಸಾಗಿಸುವ ಏರ್ಪಾಡಿಲ್ಲದೆ ಈ ಯಂತ್ರವನ್ನು ನಡೆಸುವುದು ತರವಲ್ಲ.

ಮೂರನೆಯದು ಬೆಂಕಿ. ಹತ್ತಿಯ ಅಂಚು ದೀಪದ ಬತ್ತಿಯಂತೆ ಜ್ವಾಲೆಯಿಲ್ಲದೆ ಒಳಗೊಳಗೇ ಬಹಳ ಹೊತ್ತು ಕೆಂಡವಾಗಿರಬಲ್ಲದು. ಯಂತ್ರ ನಡೆಯುವಾಗ ಪಕ್ಕದಲ್ಲಿ ಒಬ್ಬರು ಇದ್ದೇ ಇರಬೇಕು. ಮುಗಿದ ಮೇಲೆ ಕತ್ತರಿಸಿದ ತುಂಡುಗಳನ್ನು ಮುಟ್ಟಿ ನೋಡದೆ ಒಂದರ ಮೇಲೊಂದು ಪೇರಿಸಬಾರದು.

ಕತ್ತರಿಯ ಭವಿಷ್ಯ

ಇಂಥ ಯಂತ್ರ ಬಂದರೆ ಬೆಂಗಳೂರಿನ ಗಾರ್ಮೆಂಟು ಕಾರ್ಖಾನೆಗಳಲ್ಲಿ ಬಟ್ಟೆ ಕತ್ತರಿಸಿ ಬದುಕುವವರ ಪಾಡೇನು ಎಂದು ವಿದ್ಯಾರ್ಥಿಯೊಬ್ಬಳು ನನ್ನನ್ನು ಕೇಳಿದಳು. ಅವಳ ತಾಯಿ ಅಂಥ ಕಾರ್ಖಾನೆಯಲ್ಲಿ ದುಡಿಯುವವರು. ಪ್ರಶ್ನೆ ನ್ಯಾಯವಾದದ್ದು. ಕಾರ್ಖಾನೆಯಲ್ಲಿ ಹತ್ತಾರು ಪದರ ಬಟ್ಟೆಯನ್ನು ಪೇರಿಸಿ ವಿದ್ಯುತ್ ಅಲಗಿನಿಂದ ಒಂದೇ ಸಲಕ್ಕೆ ಕತ್ತರಿಸುತ್ತಾರೆ. ಸಣ್ಣ ಲೇಸರಿಗೆ ಅದು ಸಾಧ್ಯವಿಲ್ಲ. ಕೆಳಗಿನ ಪದರಗಳಿಗೆ ಬೆಳಕು ಇಳಿಯುವುದಿಲ್ಲ, ಪಾಲಿಯೆಸ್ಟರಾದರೆ ಪದರಗಳೆಲ್ಲ ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಸಾವಿರಾರು ಒಂದೇ ಬಗೆಯ ಅಂಗಿಗಳಿಗೆ ಅಲಗೇ ಮೇಲು. ಒಂದೊಂದೂ ಬೇರೆಯಾದ ಹತ್ತು ರವಿಕೆಗಳಿಗೆ, ಬಟ್ಟೆಯ ಮೇಲೆ ಬಟ್ಟೆಯನ್ನು ಕೂರಿಸುವ ಸೂಕ್ಷ್ಮವಾದ ಹೂಬಳ್ಳಿಗಳಿಗೆ ಬೆಳಕಿನ ಕತ್ತರಿ ಮೇಲು. ಡಯೋಡಿನ ಈ ಸಣ್ಣ ಯಂತ್ರ ದೊಡ್ಡ ಕಾರ್ಖಾನೆಗಿಂತ ಸಣ್ಣ ಅಂಗಡಿಗೇ ಹೆಚ್ಚು ಬಲ ಕೊಡುತ್ತದೆ. ಆದರೆ ಅದು ಆ ಯಂತ್ರವನ್ನು ಅರಿತವರಿಗೆ ಮಾತ್ರ.

ನಮ್ಮ ನೆರೆಯವರು ಈಗ ಯಂತ್ರವನ್ನು ಕಿಟಕಿಯ ಬಳಿಗೆ ಸರಿಸಿದ್ದಾರೆ. ಬೀಸಣಿಗೆಯ ಕೊಳವೆ ಹೊರಗೆ ಹೊಗೆಯನ್ನು ಬಿಡುತ್ತದೆ. ರೆಕ್ಸಿನ್ನಿನ ಸುರುಳಿ ಕತ್ತರಿಯ ಪಾಲಿಗೆ ಹೋಯಿತು. ಕನ್ನಡಕ ಮೂಗಿನ ಮೇಲಿದೆ. ಮೂರು ಪಟ್ಟೆಗಳ ಆ ಬಟ್ಟೆಯ ತುಂಡನ್ನು ಅವರು ಗೋಡೆಗೆ ಗುಂಡುಪಿನ್ನಿನಿಂದ ಸಿಕ್ಕಿಸಿದ್ದಾರೆ; ಹೊಸ ಬಟ್ಟೆ ಬಂದಾಗಲೆಲ್ಲ ಒಮ್ಮೆ ಅದರತ್ತ ನೋಡಿ ಯಾವುದು ಯಂತ್ರಕ್ಕೆ, ಯಾವುದು ಕೈಗೆ ಎಂದು ವಿಂಗಡಿಸುತ್ತಾರೆ. ಬಿಳಿಯ ರವಿಕೆಗಳನ್ನು ಈಗಲೂ ಹಳೆಯ ಕಬ್ಬಿಣದ ಕತ್ತರಿಯಿಂದಲೇ ಕತ್ತರಿಸುತ್ತಾರೆ.